‘ಬಿಡು’ ಎಂಬ ಫೋಲ್ಡರ್

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ತಂತಮ್ಮ ಊರು ಸೇರಿ, ತೊಳೆಯಲು ಎರಡೇ ಲೋಟ ಉಳಿದ ಮೊದಲ ಮಾಮೂಲಿ ಬೆಳಿಗ್ಗೆ, ಏಳೂವರೆಗೆ ಸರಿಯಾಗಿ, ಅವಳ ಫೋನಿಗೆ ತೀರಿಹೋದ ಗಂಡನಿಂದ ಸಂದೇಶ ಬಂತು.

‘ಕೆಲಸ ಮುಗಿಯಿತು. ನಾನಿನ್ನು ಹೊರಟೆ.’

ಅವಳು ಅದನ್ನು ಎರಡು ಸಲ ಓದಿದಳು. ಕರಡು ತಿದ್ದುವುದು ಅವಳ ಉದ್ಯೋಗ. ಆರು ವರ್ಷದಿಂದ ಮುದ್ರಣಾಲಯವೊಂದರಲ್ಲಿ ಪಠ್ಯಪುಸ್ತಕಗಳ ಕಾಗುಣಿತ ನೋಡುತ್ತಿದ್ದಳು. ಸಂದೇಶದಲ್ಲಿ ತಪ್ಪೇನೂ ಇರಲಿಲ್ಲ. ಪೂರ್ಣವಿರಾಮಗಳು ಕೂಡ ಸರಿಯಾದ ಜಾಗದಲ್ಲಿದ್ದವು.

“ಯಾರದಮ್ಮ ಅದು?” ಮಂಚದ ಮೇಲಿದ್ದ ಅತ್ತೆ ಕೇಳಿದರು.

“ಅವರದು.”

“ಯಾರದು?”

“ಕಂಪ್ಯೂಟರಿಂದು ಅತ್ತೆ.”

ಸಂದೇಶ ಕಳಿಸಿದ್ದು ಅವನು ಬರೆದಿಟ್ಟಿದ್ದ ಸ್ಕ್ರಿಪ್ಟ್, ಕಂಪ್ಯೂಟರಿನಲ್ಲಿ ತಾನಾಗಿ ಓಡುವ ಆಜ್ಞೆಗಳ ಪಟ್ಟಿ. ಅಂಗಡಿಗಳ ವೆಬ್‌ಸೈಟಿಗೆ ಹಾಕುವ ಪಟಗಳನ್ನು ಹಗುರ ಮಾಡಿಕೊಡುವುದು ಅವನ ಕೆಲಸವಾಗಿತ್ತು. ಅಂಗಡಿಯವರು ದೊಡ್ಡ ಕ್ಯಾಮೆರಾದಲ್ಲಿ ತೆಗೆದು ತರುವ ಪಟಗಳು ಬೀರುವಿನಷ್ಟು ಭಾರ. ಅಂಥದೊಂದು ಬೂಟಿನ ಪಟ ಗಿರಾಕಿಯ ಫೋನಿನಲ್ಲಿ ಪೂರ್ತಿ ತೆರೆದುಕೊಳ್ಳುವಷ್ಟರಲ್ಲಿ ಅವನು ಬೇರೆ ಅಂಗಡಿಯಲ್ಲಿ ಬೂಟು ಕೊಂಡು, ತೊಟ್ಟು, ಕಾಲು ಕಚ್ಚಿಸಿಕೊಂಡಿರುತ್ತಾನೆ. ಮೊದಮೊದಲು ಅವಳ ಗಂಡ ಒಂದೊಂದೇ ಪಟ ಕೈಯಾರೆ ಕತ್ತರಿಸಿ ಕುಗ್ಗಿಸುತ್ತಿದ್ದ. ಆಮೇಲೆ ಬೇಜಾರಾಗಿ ಒಂದು ಪುಟದ ಸ್ಕ್ರಿಪ್ಟ್ ಬರೆದ. ಅದು ದಿನಕ್ಕೆರಡು ಸಲ, ಬೆಳಿಗ್ಗೆ ಏಳೂವರೆಗೆ, ಸಂಜೆ ಐದಕ್ಕೆ, ತಾನೇ ಎದ್ದು, ಪಟಗಳನ್ನು ಹೆಬ್ಬೆರಳಗಲಕ್ಕೆ ಕುಗ್ಗಿಸಿ, ಭಾರದ ಮೂಲಪಟವನ್ನು ಅಳಿಸಿ, ಹಗುರಾದದ್ದನ್ನು ಸೈಟಿಗೆ ಏರಿಸಿ, ಅಂಗಡಿಯವರಿಗೊಂದು ಅವಳಿಗೊಂದು ಸಂದೇಶ ಕಳಿಸಿ ಮತ್ತೆ ಮಲಗುತ್ತಿತ್ತು. ಅವಳಿಗೇಕೆಂದರೆ, ಕೆಲಸ ಮುಗೀತಾ ಎಂದು ಅವಳು ದಿನಾ ಕೇಳುತ್ತಿದ್ದಳು. ಹೊರಟೆ ಎಂದರೆ ಅವನು ಹೊರಡುತ್ತಿದ್ದದ್ದು ಮೇಜಿನಿಂದ ಅಡುಗೆಮನೆಗೆ. ಎಂಟು ಹೆಜ್ಜೆ.

ಮನೆ ತುಂಬ ಜನರಿದ್ದಷ್ಟು ದಿನ ಯಾರೋ ಫೋನ್ ಚಾರ್ಜಿಗೆ ಹಾಕಲು ಕಂಪ್ಯೂಟರಿನ ಪ್ಲಗ್ ಕಿತ್ತಿದ್ದರು. ನಿನ್ನೆ ಸಂಜೆ ಊರಿಗೆ ಹೊರಡುವ ಮುನ್ನ ಅವನ ಸೋದರಮಾವ ಅದನ್ನು ಮತ್ತೆ ಚುಚ್ಚಿ, ಕಂಪ್ಯೂಟರಿನ ಮುಂದೆ ಅರ್ಧ ಗಂಟೆ ಕೂತು, ದೊಡ್ಡ ಉಪಕಾರ ಮಾಡಿದವರಂತೆ ಕೈ ಒರೆಸಿಕೊಂಡು ಹೋಗಿದ್ದರು. ಆ ಉಪಕಾರ ಏನೆಂದು ಎಂಟು ಗಂಟೆಗೆ ಗೊತ್ತಾಯಿತು.

ಬೂಟಿನಂಗಡಿ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅವರು ಓಡಿ ಬಂದಿದ್ದರೆಂಬುದು ಕಾಲು ನೋಡಿದರೆ ತಿಳಿಯುತ್ತಿತ್ತು. ಊರಿಗೆಲ್ಲ ಬೂಟು ತೊಡಿಸುವವರು ಬಚ್ಚಲುಮನೆಯ ರಬ್ಬರ್ ಚಪ್ಪಲಿಯಲ್ಲಿದ್ದರು.

“ತಂಗಿ,” ಎಂದರು, ದನಿ ತಗ್ಗಿಸಿ. “ಅವರು... ಇದಾರಾ?”

“ಇಲ್ಲ.”

“ಇಲ್ಲ ತಾನೆ? ನಾನೂ ಹೂವಿಟ್ಟು ಬಂದಿದೀನಲ್ಲ. ಹಾಗಾದ್ರೆ ನನ್ನ ಅಂಗಡೀಲಿ ಇರೋರು ಯಾರು?”

ಫೋನು ತೆರೆದು ತೋರಿಸಿದರು. ‘ಗಂಡಸರ ಬೂಟು’ ಎಂಬ ಪುಟದಲ್ಲಿ ಹನ್ನೊಂದು ಚೌಕ. ಹನ್ನೊಂದರಲ್ಲೂ ಅವಳ ಗಂಡ. ಒಂದರಲ್ಲಿ ಆಕಳಿಸುತ್ತಿದ್ದ, ಒಂದರಲ್ಲಿ ಏಣಿಯ ಮೇಲಿದ್ದ, ಒಂದರಲ್ಲಿ ಕಣ್ಣು ಮುಚ್ಚಿದ್ದ. ಆಕಳಿಕೆಯ ಕೆಳಗೆ ‘ಅಪ್ಪಟ ಚರ್ಮ, ಆರರಿಂದ ಹನ್ನೊಂದು ನಂಬರಿನವರೆಗೆ ಲಭ್ಯ’ ಎಂದಿತ್ತು. ಏಣಿಯ ಕೆಳಗೆ ‘ಬಹುಕಾಲ ಬಾಳುತ್ತದೆ’ ಎಂದಿತ್ತು. ಎಲ್ಲದರ ಕೆಳಗೂ ಒಂದೇ ಸಾಲು: ‘ಇಷ್ಟವಾಗದಿದ್ದರೆ ಹದಿನೈದು ದಿನದೊಳಗೆ ಹಿಂದಿರುಗಿಸಬಹುದು.’

“ಇಬ್ರು ಬುಕ್ ಮಾಡಿದಾರೆ ತಂಗಿ. ಒಬ್ರು, ಇದೇ ಕಂದು ಬಣ್ಣದಲ್ಲಿ ಸಿಗತ್ತಾ ಅಂತ ಕೇಳಿದಾರೆ. ನಾನು ಏನಂತ ಹೇಳ್ಲಿ?”

ಅವಳು ಸೋದರಮಾವನಿಗೆ ಫೋನು ಮಾಡಿದಳು.

“ಹೌದಮ್ಮ, ನಾನೇ ಹಾಕಿದ್ದು,” ಎಂದರು ಅವರು ಹೆಮ್ಮೆಯಿಂದ. “ಅವನ ಫೋಟೋ ಎಲ್ಲಾ ಒಂದ್ಕಡೆ ಜೋಪಾನವಾಗಿರ್ಲಿ ಅಂತ. ಅಲ್ಲೊಂದು ಫೋಲ್ಡರ್ ಇತ್ತು, ‘ತಗೋ’ ಅಂತ ಹೆಸರು. ತಗೋ ಅಂತಿದೆ, ಕೊಟ್ಟೆ.”

“ಅದು ಬೂಟಿನ ಪಟ ಹಾಕೋ ಫೋಲ್ಡರ್ ಮಾವ. ನಿಮ್ಮ ಫೋನಲ್ಲಿ ಇದಾವಾ ಆ ಫೋಟೋ?”

“ಫೋನ್ ತುಂಬಿಹೋಗಿತ್ತಮ್ಮ, ಅಳಿಸಿಬಿಟ್ಟೆ. ಕಂಪ್ಯೂಟರಲ್ಲಿ ಇದಾವಲ್ಲ, ಇನ್ನೇನು? ಅಂದಹಾಗೆ ಫ್ರೇಮಿನವನು ಹತ್ತಕ್ಕೆ ಬರ್ತಾನೆ. ದೊಡ್ಡದೊಂದು ಫೋಟೋ ಆರಿಸಿಡು. ಬಿಡು, ಜಾಸ್ತಿ ಮನಸ್ಸಿಗೆ ಹಚ್ಕೋಬೇಡ.”

ಫ್ರೇಮು ಆಗಲೇ ಗೋಡೆಯ ಮೇಲಿತ್ತು. ಮಾವ ಫೋಟೋಗಿಂತ ಮೊದಲು ಫ್ರೇಮನ್ನೇ ಮಾಡಿಸಿ, ಅತ್ತೆಯ ಮಂಚದ ಎದುರಿಗೆ ತೂಗುಹಾಕಿಸಿದ್ದರು. ಮೂರಡಿ ಎತ್ತರ, ಎರಡಡಿ ಅಗಲ. ಬಾಗಿಲಷ್ಟಿತ್ತು ಎಂದರೆ ಹೆಚ್ಚಾದೀತು, ಕಿಟಕಿಗಂತೂ ಕಡಿಮೆಯಿರಲಿಲ್ಲ. ಒಳಗೆ ಸುಣ್ಣದ ಗೋಡೆ ಕಾಣುತ್ತಿತ್ತು. ಬಂದವರು ಮರ್ಯಾದೆಗೆ ಅದರ ಮುಂದೆ ಒಂದು ನಿಮಿಷ ತಲೆ ತಗ್ಗಿಸಿ ನಿಂತು ಹೋಗುತ್ತಿದ್ದರು. ಅಷ್ಟು ದೊಡ್ಡದೇಕೆಂದರೆ ಅತ್ತೆಯ ಕಣ್ಣಿಗೆ ಮಂಜು ಕವಿದಿತ್ತು. ಅಂಗೈಯಗಲದ ಮುಖ ಅವರಿಗೆ ಮುಖವಾಗಿ ಕಾಣುತ್ತಿರಲಿಲ್ಲ. ಮಗನ ಬಗ್ಗೆ ಅವರು ಈವರೆಗೆ ಕೇಳಿದ್ದು ಒಂದೇ: “ಮಲಗಿದಲ್ಲಿಂದ ಕಾಣೋ ಹಾಗಿರ್ಲಿ.”

ಬೂಟಿನ ಯಜಮಾನರಿಗೆ ಸೈಟಿನಿಂದ ಪಟ ಅಳಿಸುವುದಷ್ಟೇ ಬರುತ್ತಿತ್ತು, ಏರಿಸುವುದು ಬರುತ್ತಿರಲಿಲ್ಲ. ಅವಳು ಹನ್ನೊಂದನ್ನೂ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಅವರು ಒಂದೊಂದಾಗಿ ಅಳಿಸಿದರು. ಪ್ರತಿ ಸಲವೂ “ಕ್ಷಮಿಸಿ ಸಾರ್” ಎನ್ನುತ್ತಿದ್ದರು. ಕೊನೆಗೆ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ತುದಿಯಲ್ಲಿ ಇಟ್ಟರು.

“ಹೇಳೋಕೆ ನಾಚಿಕೆ ಆಗತ್ತೆ ತಂಗಿ. ಇವತ್ತು ಸಂಜೆ ಐದಕ್ಕೆ ಹೊಸ ಮಾಲು ಬಿಡ್ತೀವಿ ಅಂತ ಎಲ್ರಿಗೂ ಹೇಳಿಬಿಟ್ಟಿದೀನಿ. ನಲವತ್ತು ಜೊತೆ. ಇವನ್ನ ತಗೊಂಡು, ಐದಕ್ಕೆ ಬಿಟ್ರೆ ಸಾಕು. ಆ ಸ್ಕ್ರಿಪ್ಟ್ ಮಾತ್ರ ನಿಲ್ಲಿಸ್ಬೇಡಿ, ನಿಮ್ಮ ದಮ್ಮಯ್ಯ.”

ನಿಲ್ಲಿಸುವ ಯೋಚನೆ ಅವಳಿಗೂ ಇರಲಿಲ್ಲ. ಅವನದೆಂಬುದರಲ್ಲಿ ಅದೊಂದೇ ಇನ್ನೂ ಹೊತ್ತಿಗೆ ಸರಿಯಾಗಿ ಎದ್ದು ಕೆಲಸಕ್ಕೆ ಹೋಗುತ್ತಿತ್ತು.

ಹತ್ತಕ್ಕೆ ಫ್ರೇಮಿನವನು ಬಂದ. ಹನ್ನೊಂದು ಪಟಗಳನ್ನೂ ನೋಡಿದ. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದ.

“ಅಕ್ಕ, ಇವು ಫೋಟೋ ಅಲ್ಲ. ಅಂಚೆ ಚೀಟಿ.”

“ದೊಡ್ಡದು ಮಾಡೋಕಾಗಲ್ವಾ?”

ಅವನು ಒಂದನ್ನು ಹಿಗ್ಗಿಸಿ ತೋರಿಸಿದ. ಮುಖ ಚೌಕ ಚೌಕವಾಗಿ ಒಡೆದು ಬಚ್ಚಲುಮನೆಯ ಗೋಡೆಯಂತಾಯಿತು. ಅತ್ತೆ ಎದ್ದು ಬಂದು, ಪರದೆಗೆ ಮೂಗು ತಾಗಿಸಿ, “ಇದೇನು, ಟೈಲ್ಸ್ ಹಾಕಿಸ್ತಿದೀಯಾ?” ಎಂದು ಕೇಳಿದರು.

ಬೇರೆ ಪಟಗಳಿರಲಿಲ್ಲ. ಪಟ ತೆಗೆಯುವವನು ತಾನೇ ಆದ್ದರಿಂದ ಅವನು ಯಾರ ಪಟದಲ್ಲೂ ಇರುತ್ತಿರಲಿಲ್ಲ. ಇದ್ದ ಮದುವೆಯ ಪಟಗಳನ್ನೂ ಒಂದು ಭಾನುವಾರ ಸುಮ್ಮನೆ ಕೂರಲಾರದೆ ಹಗುರ ಮಾಡಿ ಇಟ್ಟಿದ್ದ. ಗುರುತಿನ ಚೀಟಿಯಲ್ಲಿ ಅವನು ಕಳ್ಳನಂತಿದ್ದ, ಅದೂ ಹೆಬ್ಬೆರಳಗಲವೇ.

“ಸಂಜೆ ಆರಕ್ಕೆ ಮತ್ತೆ ಬರ್ತೀನಿ ಅಕ್ಕ, ದೊಡ್ಡದು ಯಾವುದಾದ್ರೂ ಹುಡುಕಿಡಿ,” ಎಂದ ಫ್ರೇಮಿನವನು. “ಸಿಗ್ಲಿಲ್ಲ ಅಂದ್ರೆ ಅಂಗಡೀಲಿ ಒಂದು ಜಲಪಾತದ ಪಟ ಇದೆ, ಅಳತೆ ಸರಿಹೋಗತ್ತೆ. ಬಿಡಿ, ಗೋಡೆ ಖಾಲಿ ಕಾಣಬಾರದು ಅಷ್ಟೇ.”

ಅವನು ಇಳಿದುಹೋಗುವಾಗ ಮಹಡಿ ಮೇಷ್ಟ್ರು ಒಳಬಂದರು. ಮೇಲಿನ ಮನೆಯಲ್ಲಿರುವ ಈ ನಿವೃತ್ತ ಗಣಿತದ ಮೇಷ್ಟ್ರು ನಾಲ್ಕು ದಿನದಿಂದ ಹೊತ್ತಿಗೊಮ್ಮೆ ಸಮಾಧಾನ ಹೇಳಲು ಬರುತ್ತಿದ್ದರು. ಸಮಾಧಾನ ಹೇಳುವಾಗ ಅವರ ಕಣ್ಣು, ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ, ಮೇಜಿನ ಮೇಲಿನ ಕಪ್ಪು ಡಬ್ಬಿಗೆ ಹೋಗಿ ಬರುತ್ತಿತ್ತು. ಅದು ಅವರ ಹಾರ್ಡ್‌ಡಿಸ್ಕ್. ಕಳೆದ ತಿಂಗಳು ಅವಳ ಗಂಡ ಎರಡು ದಿನಕ್ಕೆಂದು ಇಸಿದುಕೊಂಡು ಬಂದದ್ದು.

“ಬಿಡಮ್ಮ, ನಮ್ಮ ಕೈಯಲ್ಲಿ ಏನಿದೆ,” ಎಂದು ಶುರುಮಾಡಿದರು ಮೇಷ್ಟ್ರು. ಕಣ್ಣು ಡಬ್ಬಿಗೆ ಹೋಯಿತು.

“ಡಿಸ್ಕ್ ಬೇಕಿತ್ತಾ ಮೇಷ್ಟ್ರೇ?”

“ಛೆ ಛೆ! ಇಂಥ ಹೊತ್ತಲ್ಲಿ ನಾನು ಅದನ್ನ ಕೇಳ್ತೀನಾ? ಅರ್ಜೆಂಟೇ ಇಲ್ಲ.” ಬಾಗಿಲ ತನಕ ಹೋಗಿ ತಿರುಗಿದರು. “ಮಗಳು ಬರ್ತಾಳೆ. ಐದಕ್ಕೆ. ನನ್ನ ಮೂವತ್ತು ವರ್ಷದ ಕ್ಲಾಸ್ ಫೋಟೋ ಎಲ್ಲಾ ಅದಕ್ಕೆ ಹಾಕ್ಕೊಡ್ತೀನಿ ಅಂದಿದಾಳೆ. ಐದೂಕಾಲಿಗೆ ಹೊರಟುಬಿಡ್ತಾಳೆ. ಅರ್ಜೆಂಟೇನೂ ಇಲ್ಲ.”

“ಐದರೊಳಗೆ ತಂದುಕೊಡ್ತೀನಿ.”

“ಒಳಗಿರೋದನ್ನ ಪೂರ್ತಿ ತೊಳೆದು ಕೊಡಮ್ಮ. ಹೋದವರ ಸಾಮಾನು ನಾನು ನೋಡಬಾರದು, ತಪ್ಪಾಗತ್ತೆ.”

ಹನ್ನೊಂದಕ್ಕೆ ಅವಳು ಅವನ ಕುರ್ಚಿಯಲ್ಲಿ ಕೂತು ಸ್ಕ್ರಿಪ್ಟ್ ತೆರೆದಳು. ವಿಶ್ವವಿದ್ಯಾಲಯದಲ್ಲಿ ಅವಳು ಓದಿದ್ದು ವ್ಯಾಕರಣ. ಆವರಣಗಳೂ ಅಡ್ಡಗೆರೆಗಳೂ ತುಂಬಿದ ಆ ಸಾಲುಗಳು ಅವಳಿಗೆ ಅರ್ಥವಾಗಲಿಲ್ಲ. ಆದರೆ ನಾಲ್ಕು ಸಾಲಿಗೊಮ್ಮೆ ಅವನು ತನಗೆ ತಾನೇ ಬರೆದುಕೊಂಡ ಟಿಪ್ಪಣಿಗಳಿದ್ದವು. ‘ಇಲ್ಲಿ ಮೊನ್ನೆ ಮೂರು ಗಂಟೆ ಹಾಳು.’ ‘ಬೂಟಿನ ಹಿಮ್ಮಡಿ ಕತ್ತರಿಸಿ ಹೋದರೆ ಯಜಮಾನರು ನನ್ನ ಹಿಮ್ಮಡಿ ಕತ್ತರಿಸ್ತಾರೆ.’ ‘ಇದು ಯಾಕೆ ಕೆಲಸ ಮಾಡುತ್ತೋ ಗೊತ್ತಿಲ್ಲ. ಮುಟ್ಟಬೇಡ.’ ನಾಲ್ಕು ದಿನದಲ್ಲಿ ಮನೆಗೆ ಬಂದವರೆಲ್ಲ ಅವನ ಬಗ್ಗೆ ಮಾತಾಡಿದ್ದರು. ಅವನು ಮಾತಾಡಿದ್ದು ಇದೇ ಮೊದಲು.

ಒಂದು ಸಾಲಿನಲ್ಲಿ ಅಲ್ಪವಿರಾಮವೊಂದು ತಪ್ಪು ಜಾಗದಲ್ಲಿತ್ತು. ಅವಳ ಕೈ ತಡೆಯಲಿಲ್ಲ, ತಿದ್ದಿದಳು. ಪರದೆಯ ತುಂಬ ಕೆಂಪು ಅಕ್ಷರ ಬಂದವು. ತಿರುಗಿ ತಪ್ಪು ಮಾಡಿದಳು. ಕೆಂಪು ಹೋಯಿತು. ಆಮೇಲೆ ಅವಳು ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಓದಿದಳು.

ಕೊನೆಯ ಟಿಪ್ಪಣಿ ಹೀಗಿತ್ತು: ‘ತಗೋ ಒಳಗಿದ್ದದ್ದನ್ನು ತಗೋ. ಬಿಡು ಒಳಗಿದ್ದದ್ದನ್ನು ಬಿಡು.’

ನಿಜ, ‘ತಗೋ’ ಫೋಲ್ಡರಿನ ಪಕ್ಕದಲ್ಲೇ ‘ಬಿಡು’ ಎಂದೊಂದು ಇತ್ತು. ತೆರೆದಳು. ಖಾಲಿ.

ಆ ಪದ ಅವಳಿಗೆ ಗೊತ್ತಿತ್ತು. ಕರಡಿನಲ್ಲಿ ಒಂದು ಪದವನ್ನು ತಪ್ಪೆಂದು ಹೊಡೆದುಹಾಕಿ, ಆಮೇಲೆ ಅದೇ ಸರಿ ಎಂದು ಹೊಳೆದರೆ, ಅದರ ಕೆಳಗೆ ಚುಕ್ಕೆ ಸಾಲು ಇಟ್ಟು ಅಂಚಿನಲ್ಲಿ ‘ಬಿಡು’ ಎಂದು ಬರೆಯುತ್ತಾರೆ. ಮುಟ್ಟಬೇಡ, ಇದ್ದ ಹಾಗೇ ಇರಲಿ ಎಂದು ಅರ್ಥ. ಅವಳ ಮುದ್ರಣಾಲಯದಲ್ಲಿ ಆ ಪದಕ್ಕೆ ಬೇರೆ ಅರ್ಥವೇ ಇರಲಿಲ್ಲ. “ಇದೇನೇ, ಎಲ್ಲಾ ಕಡೆ ಬಿಡು ಬಿಡು ಅಂತ ಬರೀತೀಯ?” ಎಂದು ಅವನು ಒಮ್ಮೆ ಅವಳ ಹೆಗಲ ಮೇಲಿಂದ ಬಗ್ಗಿ ಕೇಳಿದ್ದ. ಅವಳು ವಿವರಿಸಿದ್ದಳು. ಕೇಳಿಸಿಕೊಂಡನೆಂದು ಅವಳಿಗೆ ಅನ್ನಿಸಿರಲಿಲ್ಲ. ಈಗ ನೋಡಿದರೆ ಅವಳಿಂದ ಕಲಿತ ಒಂದೇ ಒಂದು ಪದಕ್ಕೆ ಒಂದು ಫೋಲ್ಡರನ್ನೇ ಮಾಡಿ, ಮುಟ್ಟಬಾರದ್ದನ್ನು ಇಡಲು ಜಾಗ ಕಾದಿರಿಸಿದ್ದ. ಇಡುವಂಥದ್ದು ಏನೂ ಸಿಕ್ಕಿರಲಿಲ್ಲ ಅಷ್ಟೇ.

ಮಧ್ಯಾಹ್ನ ಮೇಷ್ಟ್ರ ಡಿಸ್ಕನ್ನು ಖಾಲಿ ಮಾಡಲೆಂದು ಚುಚ್ಚಿದಾಗ ಅದರಲ್ಲಿ ಹಳೆಯ ಬೂಟುಗಳ ನಡುವೆ ‘ಅಳತೆ ಪರೀಕ್ಷೆ’ ಎಂಬ ಪಟವೊಂದು ಸಿಕ್ಕಿತು. ತೆರೆದುಕೊಳ್ಳಲು ಎಷ್ಟೋ ಹೊತ್ತು ಹಿಡಿಯಿತು. ಮೊದಲು ಕೂದಲು ಬಂತು. ಆಮೇಲೆ ಹಣೆ. ಆಮೇಲೆ, ತುಂಬ ಹೊತ್ತಿನ ಮೇಲೆ, ಕಣ್ಣು.

ಅವಳೇ ತೆಗೆದದ್ದು. ಅಂಗಡಿಯ ದೊಡ್ಡ ಕ್ಯಾಮೆರಾ ಮನೆಗೆ ಬಂದಿದ್ದ ದಿನ, ಬೂಟು ಎಷ್ಟು ದೊಡ್ಡದೆಂದು ತಿಳಿಯಲು ಅವನು ಎಡಗಾಲಿನದೊಂದನ್ನು ಕೆನ್ನೆಯ ಪಕ್ಕ ಹಿಡಿದು ನಿಂತಿದ್ದ. “ಬೇಗ ಒತ್ತು ಮಾರಾಯ್ತಿ, ವಾಸನೆ” ಎಂದು ನಗುತ್ತಿದ್ದ. ಗಡ್ಡದ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಗಲ್ಲದಲ್ಲಿ ಕ್ಷೌರದ ಗಾಯವಿತ್ತು.

“ಅತ್ತೆ,” ಎಂದಳು. “ಸ್ವಲ್ಪ ಬನ್ನಿ.”

ಅತ್ತೆ ಗೋಡೆ ಹಿಡಿದು ಬರುತ್ತಿದ್ದವರು ಅರ್ಧ ದಾರಿಯಲ್ಲೇ ನಿಂತರು. ಅಲ್ಲಿಂದಲೇ ಕಂಡಿತ್ತು.

“ಹಾಂ,” ಎಂದರು. “ಇವನು.”

ಬಹಳ ಹೊತ್ತು ನೋಡಿದರು. “ಕೈಯಲ್ಲಿ ಅದೇನು ಬೂಟು? ಬುದ್ಧಿ ಎಲ್ಲಿಟ್ಟಿದ್ನೋ. ಇರ್ಲಿ, ಅದೂ ಇರ್ಲಿ. ಕತ್ತರಿಸ್ಬೇಡ ಅನ್ನು ಆ ಫ್ರೇಮಿನವನಿಗೆ.”

ಅವಳು ಪಟವನ್ನು ತನ್ನ ಫೋನಿಗೆ ಕಳಿಸಿಕೊಳ್ಳಲು ನೋಡಿದಳು. ‘ಪಟ ತುಂಬ ಭಾರವಿದೆ, ಕಳಿಸಲಾಗದು’ ಎಂದಿತು ಫೋನು. ಇರಲಿ, ಫ್ರೇಮಿನವನು ಆರಕ್ಕೆ ಬಂದು ಇಲ್ಲಿಂದಲೇ ಇಳಿಸಿಕೊಳ್ಳುತ್ತಾನೆ. ಅಲ್ಲಿಯ ತನಕ ಸ್ಕ್ರಿಪ್ಟಿನ ಕೈಗೆ ಸಿಗದ ಒಂದು ಜಾಗ ಬೇಕು. ಜಾಗವನ್ನು ಅವನೇ ಮಾಡಿಟ್ಟಿದ್ದ. ಪಟವನ್ನು ‘ಬಿಡು’ ಒಳಗೆ ಹಾಕಿದಳು. ಬೂಟಿನ ಯಜಮಾನರ ನಲವತ್ತು ಜೊತೆಯನ್ನು, ತಗೊಳ್ಳಿ ಎಂದಿದ್ದರಲ್ಲ, ‘ತಗೋ’ ಒಳಗೆ ಹಾಕಿದಳು. ಡಿಸ್ಕಿಗೆ ‘ಪೂರ್ತಿ ಅಳಿಸು, ಮರಳಿ ಸಿಗದಂತೆ’ ಎಂಬುದನ್ನು ಒತ್ತಿದಳು. ಮೇಷ್ಟ್ರು ಪೂರ್ತಿ ತೊಳೆದು ಕೊಡೆಂದಿದ್ದರು. ತೊಳೆಯಲು ಎರಡೂವರೆ ಗಂಟೆ ಹಿಡಿಯಿತು.

ಐದಕ್ಕೆ ಐದು ನಿಮಿಷವಿರುವಾಗ ಡಿಸ್ಕನ್ನು ಬಟ್ಟೆಯಲ್ಲಿ ಒರೆಸಿ ಎತ್ತಿಕೊಂಡಳು. ಅತ್ತೆ ಕನ್ನಡಕ ತೊಳೆದು, ಸೆರಗಿನಲ್ಲಿ ಒರೆಸಿ, ಹಾಕಿಕೊಂಡು, ಮಂಚದ ಮೇಲೆ ಖಾಲಿ ಫ್ರೇಮಿಗೆ ಎದುರಾಗಿ ಕೂತಿದ್ದರು.

“ಆರಾಯ್ತಾ?”

“ಇನ್ನೊಂದು ಗಂಟೆ ಅತ್ತೆ.”

ಹದಿನೆಂಟು ಮೆಟ್ಟಿಲು ಹತ್ತಿದಳು. ಮೇಷ್ಟ್ರು ಬಾಗಿಲು ತೆರೆದೇ ನಿಂತಿದ್ದರು. ಡಿಸ್ಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, “ಇಷ್ಟು ಅರ್ಜೆಂಟ್ ಏನಿತ್ತಮ್ಮ,” ಎಂದರು. ಒಳಗೆ ಮಗಳು ಅದನ್ನು ಆಗಲೇ ಕೇಳುತ್ತಿದ್ದಳು.

ಅವಳ ಫೋನು ಟಿಂಗ್ ಎಂದಿತು.

‘ಕೆಲಸ ಮುಗಿಯಿತು. ನಾನಿನ್ನು ಹೊರಟೆ.’

ಕೆಳಗಡೆ ಇನ್ನೊಂದು ಸಾಲಿತ್ತು. ಬೆಳಿಗ್ಗೆಯ ಸಂದೇಶದಲ್ಲಿ ಅದು ಇರಲಿಲ್ಲ. ‘ಹೊಸ ಮಾಲು: 1.’

ಅವಳು ಅದನ್ನು ಮತ್ತೆ ಮತ್ತೆ ಓದುತ್ತಿರುವಾಗಲೇ ಬೂಟಿನ ಯಜಮಾನರ ಫೋನು ಬಂತು.

“ತಂಗಿ! ನಲವತ್ತರಲ್ಲಿ ಒಂದೇ ಒಂದು ಬಿಟ್ಟಿದೀರ! ಮಿಕ್ಕಿದ್ದೆಲ್ಲ ಎಲ್ಲಿ?”

“‘ತಗೋ’ದಲ್ಲಿ ಹಾಕಿದೀನಿ.”

“ಅಯ್ಯೋ, ‘ತಗೋ’ದಲ್ಲಿರೋದನ್ನ ಅದು ಬೆಳಿಗ್ಗೆ ಮಾತ್ರ ತಗೊಳ್ಳೋದು! ನಿಮ್ಮ ಯಜಮಾನ್ರು ಯಾವಾಗ್ಲೂ ಹೇಳ್ತಿದ್ರಲ್ಲ, ಹೊಸ ಮಾಲು ಸೈಟಿಗೆ ಬಿಡೋದು ಸಂಜೆ, ‘ಬಿಡು’ಗೆ ಹಾಕಿದ್ದು ಐದಕ್ಕೆ ಬಿಟ್ಕೊಳ್ಳತ್ತೆ ಅಂತ. ನನ್ನ ಮಾತೇ ಅಲ್ವಾ ಅದು, ಮಾಲು ಬಿಡೋದು ಅನ್ನೋದು. ಅದನ್ನೇ ಹೆಸರಿಟ್ಟಿದೀನಿ ಅಂತ ನಗ್ತಿದ್ರು.”

‘ಬಿಡು’ ಎಂಬ ಪದವೂ ಅವಳದಾಗಿರಲಿಲ್ಲ.

“ಆದ್ರೆ ತಂಗಿ, ಆ ಒಂದೇ ಸಾಕಾಯ್ತು ನೋಡಿ!” ಯಜಮಾನರ ದನಿ ಏರಿತು. “ಬೂಟು ಹಿಡ್ಕೊಂಡು ನಗ್ತಿದಾರಲ್ಲ, ಮೊದಲು ನನಗೂ ಎದೆ ಧಸಕ್ಕಂತು. ಆದ್ರೆ ಎರಡೇ ನಿಮಿಷಕ್ಕೆ ಮೂವತ್ತು ಜನ ಆ ಬೂಟು ಕೇಳಿದಾರೆ. ಯಾವ ಮಾಡೆಲ್ಲೂ ಹೀಗೆ ನಗಲ್ಲ. ದಯವಿಟ್ಟು ತೆಗೀಬೇಡಿ. ಊರೆಲ್ಲ ನೋಡ್ತಿದೆ ಅವರನ್ನ!”

“ಎಷ್ಟು ದೊಡ್ಡದು ಕಾಣತ್ತೆ?”

“ದೊಡ್ಡದೆಲ್ಲಿ ತಂಗಿ, ಹೆಬ್ಬೆರಳಗಲ. ಅದೇ ಅಲ್ವಾ ಅವರ ಕೈಚಳಕ? ಮೂಲದ್ದು ಅಳಿದುಹೋಗತ್ತೆ, ಒಂಚೂರೂ ಭಾರ ಇಲ್ಲ. ಟಕ್ಕಂತ ತೆರ್ಕೊಳ್ಳತ್ತೆ.”

ಮೇಷ್ಟ್ರು ಡಿಸ್ಕನ್ನು ಎದೆಗೊತ್ತಿಕೊಂಡು ನಿಂತಿದ್ದರು. “ಯಾರದಮ್ಮ ಫೋನು?”

“ಇವರ ಕೆಲಸದ್ದು. ಮುಗೀತಂತೆ.”

ಮೇಷ್ಟ್ರಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕಣ್ಣಿಗೆ ಹೋಗಲು ಈಗ ಮೇಜೂ ಇರಲಿಲ್ಲ. ಕೊನೆಗೆ, ನಾಲ್ಕು ದಿನದ ರೂಢಿಯಂತೆ, “ಬಿಡಮ್ಮ,” ಎಂದರು.

“ಬಿಟ್ಟಾಯ್ತು ಮೇಷ್ಟ್ರೇ.”

ಕೆಳಗಿನಿಂದ, ತೆರೆದ ಬಾಗಿಲಿನೊಳಗಿಂದ, ಆರಾಯ್ತಾ ಎಂದು ಅತ್ತೆ ಕೇಳುತ್ತಿದ್ದದ್ದು ಕೇಳಿಸಿತು. ಅವಳು ತಿರುಗಿದವಳು ಮತ್ತೆ ನಿಂತಳು. ಹೆಗಲ ಮೇಲೆ ಡಿಸ್ಕಿನ ವೈರು ಉಳಿದುಹೋಗಿತ್ತು. ತೆಗೆದು, ಬೆರಳಿಗೆ ಸುತ್ತಿ, ಸುರುಳಿ ಬಿಚ್ಚದಂತೆ ತುದಿಯನ್ನು ಒಳಗೆ ಸಿಕ್ಕಿಸಿ, ಮೇಷ್ಟ್ರ ಕೈಯಲ್ಲಿದ್ದ ಡಬ್ಬಿಯ ಮೇಲಿಟ್ಟಳು.

“ಇದೂ ನಿಮ್ಮದೇ,” ಎಂದಳು.